ಎಕ್ಸ್‌ರೇ ಮಾವನ ಬಿಸಿಲು
ನಮ್ಮ ಬೀದಿಯಲ್ಲಿ ಯಾರಾದರೂ ಮಂಡಿ ಹಿಡಿದು ‘ಅಯ್ಯೋ’ ಎಂದರೆ ಸಾಕು, ಎಕ್ಸ್‌ರೇ ಮಾವ ಕೋಲೂರಿಕೊಂಡು ಹಾಜರು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಿಂದ ನಿವೃತ್ತರಾದ ಈ ಮಹಾಶಯರು ಜನರ ಮುಖ ಮರೆತರೂ, ಯಾರ ಸೊಂಟ ಎಷ್ಟು ಸವೆದಿದೆ ಎಂಬುದನ್ನು ಮರೆಯುವವರಲ್ಲ. “ನಿಮ್ದು ವಿಟಮಿನ್ ಡಿ ಎಷ್ಟು ಬಂತು? ಹನ್ನೆರಡಾ? ಅದೇನ್ ಮಹಾ! ನಂದು ಏಳು!” ಎಂದು ತಮ್ಮ ಕೊರತೆಯನ್ನೇ ಚಿನ್ನದ ಪದಕದಂತೆ ಮೆರೆಸುತ್ತಾರೆ. ಮಾತ್ರೆ ಬರೆದುಕೊಟ್ಟ ಡಾಕ್ಟರು ಅವರ ಪಾಲಿಗೆ ನಿನ್ನೆ ಮೊನ್ನೆ ಕಣ್ಣು ಬಿಟ್ಟ ಕೂಸು. “ಮಾತ್ರೆ ಯಾಕ್ರೀ? ಬಿಸಿಲಿಗೆ ಹೋಗಿ, ಬಿಸಿಲಿಗೆ!” ಎಂದು ಬೀದಿಗೆಲ್ಲ ಗದರುತ್ತಾರೆ, ತಾವು ಮಾತ್ರ ಮರದ ನೆರಳು ಬಿಟ್ಟು ಕದಲದೆ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋಗಿದ್ದಾಗ ಅತ್ತೆ ಕಿಟಕಿಯ ಪರದೆ ಸರಿಸಿದರು. ಮಾವನ ಊದಿದ ಮಂಡಿಯ ಮೇಲೆ ಒಂದು ಹಿಡಿ ಬಿಸಿಲು ಬಿತ್ತೋ ಇಲ್ಲವೋ, ಉಪದೇಶದ ನಡುವೆಯೇ ಅವರ ಕೈ ತಾನಾಗಿ ಹೋಗಿ ಪರದೆ ಎಳೆದುಬಿಟ್ಟಿತು. ನಾನು ನಕ್ಕೆ. ಅತ್ತೆ ನಗಲಿಲ್ಲ. “ಮೂವತ್ತೈದು ವರ್ಷ ಕತ್ತಲೆ ಕೋಣೇಲಿ ಫಿಲ್ಮ್ ತೊಳೆದ ಕೈಯಪ್ಪಾ ಅದು,” ಎಂದರು. “ಬೆಳಕು ಬಿದ್ರೆ ಯಾರದೋ ಮೂಳೆ ಚಿತ್ರ ಅಳಿಸಿಹೋಗುತ್ತೆ ಅಂತ ಇನ್ನೂ ಹೆದರುತ್ತೆ.”