ಅಪೊಲೋನಿಯಾ ತೋಟದ ಹನ್ನೊಂದು ಹೊಲಗಳು

ಯಾವ ಹೊಲಕ್ಕೆ ಎಷ್ಟು ಗೊಬ್ಬರ ಹಾಕಬೇಕು, ಯಾವ ತಿಂಗಳು ಹಾಕಬಾರದು, ಹೊಳೆಯಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂದು ಸರ್ಕಾರದ ಸಲಹೆಗಾರ್ತಿ, ಕೃಷಿ ಇಂಜಿನಿಯರ್ ಝೆನೋಬಿಯಾ ಪಿಟ್ಲಾಕ್ ಇಪ್ಪತ್ತೇಳು ವರ್ಷಗಳಿಂದ ರೈತರಿಗೆ ಬರೆದುಕೊಡುತ್ತಿದ್ದರು. ಆ ಇಪ್ಪತ್ತೇಳು ವರ್ಷಗಳಲ್ಲಿ ಅವರ ಬೂಟಿಗೆ ಒಮ್ಮೆಯೂ ಗೊಬ್ಬರ ಅಂಟಿರಲಿಲ್ಲ. ನಮ್ಮೂರು ಪ್ಯಾಸ್ಕೊವೊದ ಜನ ಇದನ್ನು ಆಡಿಕೊಂಡು ನಗುತ್ತಿದ್ದರು. ಝೆನೋಬಿಯಾ ಅದನ್ನು ಹೊಗಳಿಕೆ ಎಂದುಕೊಂಡಿದ್ದರು.

ಅವರ ಕಚೇರಿ ಇದ್ದದ್ದು ಅಗ್ನಿಶಾಮಕ ದಳದ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಕಿಟಕಿಗೆ ಲೇಸಿನ ಪರದೆ, ಅದರ ಕೆಳಗೆ ನೇರಳೆ ಹೂವಿನ ಮೂರು ಕುಂಡ, ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಚಹಾ. ಗೋಡೆಯ ನಕ್ಷೆಯಲ್ಲಿ ನಮ್ಮ ಹೊಳೆ ಒಂದು ನೀಲಿ ದಾರ. ಅದರ ಎರಡೂ ಕಡೆಗೆ ಝೆನೋಬಿಯಾ ಸ್ಕೇಲು ಹಿಡಿದು ಕೆಂಪು ಗೆರೆ ಎಳೆದಿದ್ದರು. ಬೇಸಿಗೆಯಲ್ಲಿ ನಿಜವಾದ ಹೊಳೆ ಗೊಬ್ಬರದ ನೀರು ಕುಡಿದು ಹಸಿರಾಗಿ, ಮೀನು ಮಗುಚಿ ತೇಲುತ್ತಿತ್ತು. ನಕ್ಷೆಯ ಹೊಳೆ ಮಾತ್ರ ವರ್ಷವಿಡೀ ನೀಲಿಯಾಗಿಯೇ ಇರುತ್ತಿತ್ತು. ನೆಲ ಹೆಪ್ಪುಗಟ್ಟಿರುವಾಗ ಸುರಿದ ಗೊಬ್ಬರವೆಲ್ಲ ಕರಗುವ ಹಿಮದ ಜೊತೆ ಹೊಳೆಗೇ ಹೋಗುತ್ತದೆಂದು ಚಳಿಗಾಲವಿಡೀ ಗೊಬ್ಬರ ಚೆಲ್ಲುವುದು ನಿಷಿದ್ಧ. ಮಾರ್ಚ್ ಒಂದರಂದು ಬಾಗಿಲು ತೆರೆದಂತೆ. ಆಗಲೂ ಝೆನೋಬಿಯಾ ಬರೆದುಕೊಟ್ಟಷ್ಟೇ.

ತಪಾಸಣೆಯವರು ಬಂದಾಗಲೆಲ್ಲ ಅವರ ಕಡತಗಳನ್ನು ತಿರುವಿ ಹಾಕಿ, ಒಂದು ತಪ್ಪೂ ಸಿಗದೆ, ಚಹಾ ಕುಡಿದು ಹೋಗುತ್ತಿದ್ದರು. ಬರುವ ಜೂನ್‌ನಲ್ಲಿ ಝೆನೋಬಿಯಾ ಅವರಿಗೆ ನಿವೃತ್ತಿ. ಅದೇ ತಿಂಗಳು ಪ್ರಾಂತ್ಯದ ಕಚೇರಿಯಲ್ಲಿ ಸನ್ಮಾನ. ‘ಒಂದೂ ತಪ್ಪಿಲ್ಲದ ಇಪ್ಪತ್ತೇಳು ವರ್ಷ’ ಎಂದು ಕೆತ್ತಿಸಿದ ಹಿತ್ತಾಳೆಯ ಫಲಕ. ಫಲಕವನ್ನು ಎಲ್ಲಿ ನೇತುಹಾಕುವುದೆಂದು ಅವರು ಮನೆಯ ಗೋಡೆಗೆ ಮೊಳೆಯನ್ನೂ ಹೊಡೆದಿಟ್ಟಿದ್ದರು.

ಅದಕ್ಕೆ ಮುಂಚಿನ ಶರತ್ಕಾಲದಲ್ಲೇ ರಾಜಧಾನಿ ವಾರ್ಸಾದಲ್ಲಿ ಕೂತವರು ನಿಯಮ ಬದಲಿಸಿದರು. ಅದುವರೆಗೆ ಮಣ್ಣಿನ ಗುಣವನ್ನು ಪುಸ್ತಕದ ಪಟ್ಟಿ ನೋಡಿ ತುಂಬಿದರೆ ಸಾಕಿತ್ತು. ಇನ್ನು ಮೇಲೆ ಪ್ರತಿ ರೈತನ ಹೊಲದ ಇಪ್ಪತ್ತು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ರಟ್ಟಿನ ಪೆಟ್ಟಿಗೆಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಕಳಿಸಬೇಕು. ತೆಗೆಯುವಾಗ ಸಲಹೆಗಾರರು ಹೊಲದಲ್ಲಿ ಹಾಜರಿರಬೇಕು. ಹಾಜರಿದ್ದೆ ಎಂದು ಪೆಟ್ಟಿಗೆಯ ಮೇಲೆ ಸಹಿ ಹಾಕಬೇಕು.

ನವೆಂಬರ್ ಕೆಸರು ಝೆನೋಬಿಯಾ ಅವರಿಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಅವರು ಊರಿನ ಹನ್ನೊಂದು ಮಂದಿ ರೈತರಿಗೆಂದು ಹನ್ನೊಂದು ಖಾಲಿ ಪೆಟ್ಟಿಗೆಗಳಿಗೆ ಮುದ್ದಾದ ಅಕ್ಷರದಲ್ಲಿ ಸಹಿ ಹಾಕಿದರು. ಒಂದಕ್ಕೆ ಮಸಿ ಚೆಲ್ಲಿದ್ದರಿಂದ ಹನ್ನೆರಡನೆಯದಕ್ಕೂ ಹಾಕಿದರು. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಊರ ಅಂಗಡಿಯಲ್ಲಿ ಇಟ್ಟುಬಂದರು. ‘ನೀವೇ ತುಂಬಿಸಿ ಕಳಿಸಿ’ ಎಂಬ ಚೀಟಿ ಜೊತೆಗೆ.

ನಮ್ಮೂರಿನವರು ಪೆಟ್ಟಿಗೆ ನೋಡಿ ಯೋಚನೆಗೆ ಬಿದ್ದರು. ಪ್ಯಾಸ್ಕೊವೊದ ಮಣ್ಣು ಮಣ್ಣಲ್ಲ, ಹುಳಿ ಮರಳು. ಅದರಲ್ಲಿ ರೈ ಧಾನ್ಯ, ಆಲೂಗಡ್ಡೆ ಮತ್ತು ಪೈನ್ ಮರ ಬಿಟ್ಟರೆ ಬೇರೇನೂ ಸಂತೋಷದಿಂದ ಬೆಳೆದದ್ದಿಲ್ಲ. ಇಂಥ ಮಣ್ಣನ್ನು ಪಟ್ಟಣದ ವಿಜ್ಞಾನಿಗಳು ಬಿಳಿ ಕೋಟು ಹಾಕಿಕೊಂಡು ಬೆಳಕಿಗೆ ಹಿಡಿದು ನೋಡುತ್ತಾರಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಫೋಟೋ ತೆಗೆಸಿಕೊಳ್ಳಲು ಹೋಗುವವನು ಕೊಟ್ಟಿಗೆಯ ಅಂಗಿಯಲ್ಲಿ ಹೋಗುತ್ತಾನೆಯೇ?

ಮೊದಲು ಹೊರಟವನು ಊರ ಮುಖಂಡ ಲೊಂಗಿನ್ ವ್ರೋನಾ. ಆರುನೂರು ಹಂದಿಗಳ ಒಡೆಯ. ಅವನ ಚಿಕ್ಕಮ್ಮ ಅಪೊಲೋನಿಯಾಳಿಗೆ ಹೊಳೆಯ ತಿರುವಿನಲ್ಲಿ ಒಂದು ಕೈತೋಟ. ಐವತ್ತು ವರ್ಷ ಒಲೆಯ ಬೂದಿ, ಮೊಟ್ಟೆಯ ಚಿಪ್ಪು, ಕೋಳಿ ಹಿಕ್ಕೆ, ತರಕಾರಿ ಸಿಪ್ಪೆ ತಿಂದು ಅಲ್ಲಿನ ಮಣ್ಣು ಕರಿ ಗಸಗಸೆ ಕೇಕಿನ ಹೂರಣದಂತೆ ಕಪ್ಪಾಗಿತ್ತು. ಲೊಂಗಿನ್ ಬೇಲಿ ದಾಟಿ ಪೆಟ್ಟಿಗೆ ತುಂಬಿಕೊಂಡ. ಅದೇ ಉಪಾಯ ತನಗೊಬ್ಬನಿಗೇ ಹೊಳೆದದ್ದೆಂದುಕೊಂಡು ಉಳಿದ ಹತ್ತು ಮಂದಿಯೂ ಒಬ್ಬರ ಹಿಂದೊಬ್ಬರು ಬಂದರು.

ಜನವರಿಯಲ್ಲಿ ವರದಿಗಳು ಬಂದವು. ಹನ್ನೊಂದೂ ಹೊಲಗಳ ಮಣ್ಣು ಅಪ್ಪಟ ಚಿನ್ನ. ಹುಳಿ ಇಲ್ಲವೇ ಇಲ್ಲ. ಸಾರಜನಕ: ಅತಿ ಹೆಚ್ಚು. ಅಂಗಡಿಯ ಸಾಲಿನಲ್ಲಿ ಬ್ರೆಡ್ಡಿಗೆ ನಿಂತಾಗಲೂ ಅದೇ ಮಾತು.

"ನಂದು ನೋಡೋ, ಅತಿ ಹೆಚ್ಚು ಅಂತ ಬರ್ದಿದಾರೆ."

"ನಂದೂ ಅತಿ ಹೆಚ್ಚೇ."

"ನಿಂದಾ? ಹೋದ ವರ್ಷ ನಿನ್ನ ರೈ ಮೊಣಕಾಲಿಗೂ ಬರ್ಲಿಲ್ವಲ್ಲೋ?"

"ಅದು ಬೀಜದ ತಪ್ಪು ಕಣಯ್ಯ. ಪಾಪ, ಮಣ್ಣು ಏನ್ ಮಾಡತ್ತೆ?"

ವಾರ ಕಳೆಯುವಷ್ಟರಲ್ಲಿ ಕದ್ದ ಮಣ್ಣು ತಮ್ಮದೇ ಎಂದು ಅವರೇ ನಂಬಿದ್ದರು. ಲೊಂಗಿನ್ ವರದಿಗೆ ಚೌಕಟ್ಟು ಹಾಕಿಸಿ, ಊಟದ ಕೋಣೆಯಲ್ಲಿ ಮಾತೆ ಮರಿಯಾಳ ಚಿತ್ರದ ಪಕ್ಕಕ್ಕೆ ನೇತುಹಾಕಿದ. ಝೆನೋಬಿಯಾ ಕೂಡ ಖುಷಿಪಟ್ಟರು. ಪ್ರತಿ ವರದಿಯ ಕೊನೆಯಲ್ಲಿ ‘ಮಾದರಿಯಲ್ಲಿ ಮೊಟ್ಟೆ ಚಿಪ್ಪಿನ ಚೂರುಗಳು ಕಂಡುಬಂದಿವೆ’ ಎಂದಿತ್ತು. ಎಲ್ಲದರಲ್ಲೂ ಇದ್ದುದರಿಂದ ಅದು ಮೊದಲೇ ಅಚ್ಚಾಗಿ ಬರುವ ಸಾಲು ಎಂದುಕೊಂಡರು.

ಫೆಬ್ರವರಿ ಕೊನೆಯ ವಾರ ಲೊಂಗಿನ್ ಶೆಡ್ಡಿನ ಮೆಟ್ಟಿಲು ಹತ್ತಿ ಬಂದ. ಅವನ ಹಂದಿಗಳ ಸ್ಲರಿ, ಅಂದರೆ ನೀರು ನೀರಾದ ಗೊಬ್ಬರ, ತುಂಬುವ ಗುಂಡಿಯಲ್ಲಿ ಇನ್ನು ಒಂದು ಗೇಣು ಜಾಗ ಉಳಿದಿತ್ತು.

"ಇಂಜಿನಿಯರಮ್ಮಾ, ಒಂದನೇ ತಾರೀಕು ಟ್ಯಾಂಕರ್ ಹೊರಡಿಸ್ತೀನಿ. ಎಷ್ಟು ಹಾಕ್ಬಹುದು, ಹೇಳ್ಬಿಡಿ."

"ಸೊನ್ನೆ."

"ಅಂದ್ರೆ?"

"ಒಂದು ಬಕೆಟ್ಟೂ ಇಲ್ಲ. ನಿಮ್ಮ ಮಣ್ಣಿಗೆ ಹೊಟ್ಟೆ ತುಂಬಿದೆ ಮುಖಂಡರೇ. ಇನ್ನೂ ಸುರಿದ್ರೆ ಸೀದಾ ಹೊಳೆಗೆ. ನಿಮಗೆ ಅಭಿನಂದನೆ!"

ಲೊಂಗಿನ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

"ಅಷ್ಟೇನೂ ಒಳ್ಳೇ ಮಣ್ಣಲ್ಲ ಅದು..."

"ನಿಮ್ಮ ವಿನಯ ಸಾಕು."

"ವಿನಯ ಅಲ್ಲಮ್ಮಾ! ನಮ್ಮ ಮುತ್ತಾತನ ಕಾಲದಿಂದ ಹುಳಿ ಅದು."

"ವರದೀಲಿ ಹುಳಿ ಇಲ್ಲ."

"ಮೇ ತಿಂಗಳಲ್ಲಿ ಗಾಳಿ ಬೀಸಿದ್ರೆ ಅರ್ಧ ಹೊಲ ಎದ್ದು ಪಕ್ಕದೂರಿಗೆ ಹೋಗತ್ತೆ!"

"ಪಕ್ಕದೂರಿನೋರು ಪುಣ್ಯವಂತರು."

ನಿಜ ಹೇಳಲು ಅವನು ಎರಡು ಸಲ ಬಾಯಿ ತೆರೆದ. ಮನೆಯ ಗೋಡೆಯ ಮೇಲಿನ ಚೌಕಟ್ಟು ಕಣ್ಣ ಮುಂದೆ ಬಂದಿರಬೇಕು. ಮೆಟ್ಟಿಲು ಇಳಿದುಹೋದ. ಗುಂಡಿ ಇದ್ದದ್ದು ಹೊಳೆಯ ದಂಡೆಯ ಇಳಿಜಾರಿನ ಮೇಲೆ. ಆ ವಾರ ಮಳೆಯಾಗುತ್ತದೆಂದು ರೇಡಿಯೋ ಹೇಳುತ್ತಿತ್ತು.

ಮರುದಿನ ಬೆಳಗ್ಗೆ ಅದೇ ಮೆಟ್ಟಿಲುಗಳನ್ನು ಅಪೊಲೋನಿಯಾ ಹತ್ತಿದಳು. ಎಂಬತ್ತೊಂದು ವರ್ಷ, ಒಂದು ಊರುಗೋಲು, ಒಂದು ಬುಟ್ಟಿ. ಮುಂದೆ ನಡೆದದ್ದನ್ನು ಅವಳೇ ಊರಿಗೆಲ್ಲ ಹೇಳಿದ್ದಾಳೆ. ನಾನು ಏನೂ ಸೇರಿಸಿಲ್ಲ.

"ನೀನು ಓದಿದೋಳು. ನನಗೊಂದು ಹೇಳಮ್ಮ," ಎಂದಳಂತೆ. "ಕೊಳವೆ ಥರ ದುಂಡಗೆ ಗುಂಡಿ ತೋಡೋ ಪ್ರಾಣಿ ಯಾವುದು? ತಲೆ ಮೇಲೆ ಟೋಪಿ ಇರತ್ತೆ."

"ಅಜ್ಜೀ, ನಾನು ಗೊಬ್ಬರದ ವಿಭಾಗ."

"ನನ್ನ ಬೆಳ್ಳುಳ್ಳಿ ಪಾತೀಲಿ ನವೆಂಬರ್‌ನಲ್ಲಿ ಹನ್ನೊಂದು ಗುಂಡಿ. ಕಿಟಕೀಲಿ ಕೂತು ಜಪಮಣಿ ಎಣಿಸ್ತಾ ಎಣಿಸ್ತಾ ಅವರನ್ನೂ ಎಣಿಸ್ದೆ. ಕಳ್ಳತನಕ್ಕೆ ಬಂದೋರು ನನ್ನ ನೋಡಿ ಟೋಪಿ ತೆಗೆದು ‘ದೇವರಿಗೆ ಸ್ತೋತ್ರ’ ಅಂತ ಹೇಳಿ ಹೋಗ್ತಾರಲ್ಲೇ! ನಾನೂ ‘ಆಮೆನ್’ ಅಂದೆ. ಹೋಗ್ಲಿ ಅಂತ ಬಿಟ್ಟಿದ್ದೆ. ನಿನ್ನೆ ಹಿಮ ಕರಗ್ತು. ಯಾರೋ ಬೀಳಿಸ್ಕೊಂಡು ಹೋಗಿದ್ದು, ಇದು ಸಿಕ್ತು."

ಬುಟ್ಟಿಯಿಂದ ಅವಳು ಒದ್ದೆಯಾಗಿ ಉಬ್ಬಿದ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮಸಿ ಚೆಲ್ಲಿದ್ದ ಪೆಟ್ಟಿಗೆ. ಸಹಿ ಮಾತ್ರ ಚೆನ್ನಾಗಿಯೇ ಉಳಿದಿತ್ತು.

"ನೀನೇ ಎದುರಿಗೆ ನಿಂತು ಮಣ್ಣು ತೆಗೆಸಿದೀಯ ಅಂತ ಬರೆದಿದೆ. ನನ್ನ ಬೆಳ್ಳುಳ್ಳಿ ಮಧ್ಯೆ ನೀನು ಯಾವಾಗ ನಿಂತಿದ್ದೆ, ತಾಯಿ? ಕಂಡಿದ್ರೆ ಒಳಗೆ ಕರೆದು ಚಹಾ ಕೊಡ್ತಿದ್ದೆ."

ಝೆನೋಬಿಯಾ ಹನ್ನೊಂದು ವರದಿಗಳನ್ನು ಮೇಜಿನ ಮೇಲೆ ಹರಡಿದರು. ಹನ್ನೊಂದು ಹೆಸರು, ಒಂದೇ ಮಣ್ಣು. ಅಷ್ಟೂ ದಿನ ಅವರು ಹೊಗಳಿದ್ದು ಒಬ್ಬ ಮುದುಕಿಯ ಬೆಳ್ಳುಳ್ಳಿ ಪಾತಿಯನ್ನು.

ಪ್ರಾಂತ್ಯದ ಕಚೇರಿಯ ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲ ಹೇಳಿದರು.

"ಕಾಗದ ಕಾಗದಕ್ಕೆ ಹೊಂದತ್ತಾ?" ಎಂದರು ಮುಖ್ಯಸ್ಥರು.

"ಹೊಂದತ್ತೆ ಸರ್. ಹೊಲಕ್ಕೆ ಹೊಂದಲ್ಲ."

"ಹೊಲ ನೋಡೋಕೆ ಯಾರಮ್ಮ ಬರ್ತಾರೆ?"

ಇದು ಝೆನೋಬಿಯಾ ಅವರದೇ ಮಾತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವರು ಇದನ್ನೇ ಹೇಳಿಕೊಡುತ್ತಿದ್ದರು.

"ಸುಮ್ನೆ ಇರಿ," ಎಂದರು ಮುಖ್ಯಸ್ಥರು. "ಜೂನ್ ಫಲಕಕ್ಕೆ ಅಕ್ಷರ ಕೆತ್ತಿ ಆಗಿದೆ. ಹೂವಿಗೂ ಹೇಳಿದೀವಿ."

ಝೆನೋಬಿಯಾ ಎರಡು ದಿನ ಸುಮ್ಮನಿದ್ದರು. ಸುಮ್ಮನಿರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಮೂರನೆಯ ದಿನ ಮಳೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಲೊಂಗಿನ್‌ನ ಗುಂಡಿಯಲ್ಲಿ ಒಂದು ಗೇಣು ನಾಲ್ಕು ಬೆರಳಾಗಿತ್ತು. ಅವನು ದಂಡೆಗೆ ಮರಳಿನ ಚೀಲ ಜೋಡಿಸುತ್ತಿದ್ದದ್ದು ಶೆಡ್ಡಿನ ಕಿಟಕಿಯಿಂದ ಕಾಣುತ್ತಿತ್ತು. ಅವನಿಂದ ಕೆಳಗೆ ಹೊಳೆ. ಸ್ಕೇಲು ಹಿಡಿದು ಎಳೆದ ಕೆಂಪು ಗೆರೆ ಅಲ್ಲೆಲ್ಲೂ ಇರಲಿಲ್ಲ.

ಝೆನೋಬಿಯಾ ಪರದೆಯನ್ನು ಪೂರ್ತಿ ಸರಿಸಿದರು. ಆಮೇಲೆ ಕೂತು ಹನ್ನೊಂದು ಹಾಳೆಗಳ ಮೇಲೆ, ಅದೇ ಮುದ್ದಾದ ಅಕ್ಷರದಲ್ಲಿ, ಒಂದೇ ಸಾಲು ಬರೆದರು: ‘ಮಣ್ಣು ತೆಗೆಯುವಾಗ ನಾನು ಹಾಜರಿರಲಿಲ್ಲ.’ ಪ್ರಾಂತ್ಯದ ಕಚೇರಿಗೆ ತಾವೇ ಅಂಚೆಗೆ ಹಾಕಿದರು. ಮಣ್ಣು ತೆಗೆಯುವ ಉಕ್ಕಿನ ಕೋಲು ಕಪಾಟಿನಲ್ಲಿ ಇಪ್ಪತ್ತೇಳು ವರ್ಷದಿಂದ ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಮಲಗಿತ್ತು. ಅದನ್ನು ಬಿಚ್ಚಿದರು. ಬೂಟು ಅಪೊಲೋನಿಯಾಳ ಮನೆಯಿಂದ ಎರವಲು.

"ಎಡಗಾಲಿನದು ಸೋರತ್ತೆ," ಎಂದಳು ಅಪೊಲೋನಿಯಾ. "ಮುಖಂಡನ ಹೊಲದಲ್ಲಿ ಬಲಗಾಲಲ್ಲೇ ನಡಿ."

ಮಳೆ ನಿಂತ ಮಾರನೆಯ ದಿನ ಅರ್ಧ ಊರು ಲೊಂಗಿನ್‌ನ ಹೊಲದ ಅಂಚಿಗೆ ಬಂದಿತ್ತು, ನಗಲು. ಮೊದಲ ಸಲ ಕೋಲು ಒತ್ತಿ ಎಳೆದಾಗ ಅದರ ಉದ್ದ ಸೀಳಿನಲ್ಲಿ ತುಂಬಿಕೊಂಡಿದ್ದ ಮಣ್ಣು ಜರ್ರೆಂದು ಉದುರಿಹೋಯಿತು. ಬೆಳ್ಳನೆಯ ಮರಳು.

"ಇದೇನಾ?" ಎಂದರು ಝೆನೋಬಿಯಾ.

"ಇದೇ," ಎಂದ ಲೊಂಗಿನ್ ನೆಲ ನೋಡುತ್ತಾ.

ಹಿಂದಿನಿಂದ ಯಾರೋ ಕೂಗಿದರು: "ಅಭಿನಂದನೆ ಮುಖಂಡರೇ!"

ಹತ್ತು ಕಡೆ ಚುಚ್ಚಿದ ಮೇಲೆ ಲೊಂಗಿನ್‌ಗೆ ಸ್ವಲ್ಪ ಧೈರ್ಯ ಬಂತು. ಹೊಲದ ಮೂಲೆಗೆ ಕೈ ತೋರಿಸಿದ.

"ಅಲ್ಲೊಂದು ಚುಚ್ಚಿ ಇಂಜಿನಿಯರಮ್ಮಾ. ಅಲ್ಲಿ ಚೆನ್ನಾಗಿದೆ."

"ಅಲ್ಲಿ ಮೂರು ವರ್ಷದ ಹಿಂದೆ ನಿಮ್ಮ ತಿಪ್ಪೆ ಇತ್ತು."

"ನಿಮಗ್ಹೇಗೆ ಗೊತ್ತು? ನೀವು ಬಂದೇ ಇಲ್ವಲ್ಲ!"

"ನಕ್ಷೇಲಿ ಬರೆದೋಳು ನಾನೇ ಕಣ್ರೀ."

ಅವನು ಕೈ ಇಳಿಸಿದ. ಇಪ್ಪತ್ತು ಕಡೆಯೂ ಅವರು ಹೇಳಿದ ಜಾಗದಲ್ಲೇ ತೆಗೆದದ್ದಾಯಿತು. ಎಡಗಾಲಿನ ಬೂಟು ನಿಜವಾಗಿಯೂ ಸೋರುತ್ತಿತ್ತು. ಮರಳಿನ ಚೀಲಗಳು ಗುಂಡಿಯನ್ನು ಹತ್ತು ದಿನ ಹೇಗೋ ತಡೆದವು. ಅಷ್ಟರಲ್ಲಿ ಹೊಸ ವರದಿ ಬಂತು: ಹುಳಿ, ಬಡಕಲು, ಹಸಿದ ಮಣ್ಣು. ಟ್ಯಾಂಕರ್ ಹೊರಟಿತು. ಎರಡು ದಿನ ಊರೆಲ್ಲ ಮೂಗು ಮುಚ್ಚಿಕೊಂಡಿತು. ಹೊಳೆಗೆ ಒಂದು ಹನಿಯೂ ಹೋಗಲಿಲ್ಲ.

ಇದಕ್ಕೆ ಊರು ಝೆನೋಬಿಯಾ ಅವರಿಗೆ ಕೃತಜ್ಞವಾಗಿತ್ತೆಂದು ಯಾರಾದರೂ ಭಾವಿಸಿದರೆ ಅವರು ಪ್ಯಾಸ್ಕೊವೊ ನೋಡಿಲ್ಲ.

"ಬರದೇನೇ ಬಂದೆ ಅಂತ ಸಹಿ ಹಾಕಿದ್ಲಂತೆ!" ಎಂದು ಅಂಗಡಿಯ ಸಾಲು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. "ಇಂಥೋರನ್ನ ನಂಬಿ ನಾವು ಹೊಲ ಕೊಟ್ವಲ್ಲಪ್ಪ."

ಹನ್ನೊಂದು ಮಂದಿಯಲ್ಲಿ ಒಬ್ಬನೂ ಬೇಲಿ ದಾಟಿದ್ದನ್ನು ನೆನಪಿಟ್ಟುಕೊಂಡಿರಲಿಲ್ಲ. ಲೊಂಗಿನ್‌ನ ಚೌಕಟ್ಟು ಇವತ್ತಿಗೂ ಮಾತೆ ಮರಿಯಾಳ ಪಕ್ಕದಲ್ಲೇ ಇದೆ. ಎರಡನೆಯ ವರದಿ ಎಲ್ಲಿದೆ ಎಂದು ನಾನು ಕೇಳಿಲ್ಲ. ಪ್ರಾಂತ್ಯದ ಕಚೇರಿಯಿಂದ ಝೆನೋಬಿಯಾ ಅವರಿಗೆ ಛೀಮಾರಿಯ ಪತ್ರ ಬಂತು. ಫಲಕದ ಅಕ್ಷರ ಅಳಿಸಿ ಬೇರೆ ಹೆಸರು ಕೆತ್ತಿದರು. ಹೂವಿಗೆ ಹೇಳಿಯಾಗಿತ್ತಲ್ಲ, ಅದೂ ವ್ಯರ್ಥವಾಗಲಿಲ್ಲ. ಸನ್ಮಾನಿತರ ಬೂಟು ಬಹಳ ಹೊಳೆಯುತ್ತಿತ್ತಂತೆ.

ಆ ಸನ್ಮಾನದ ದಿನ ಝೆನೋಬಿಯಾ ಅಪೊಲೋನಿಯಾಳ ತೋಟದ ಬೆಂಚಿನ ಮೇಲೆ ಕೂತಿದ್ದರು, ಎರವಲು ಬೂಟು ಹಿಂದಿರುಗಿಸಲು ಬಂದವರು. ಸಬ್ಬಸಿಗೆ ಸೊಂಟದವರೆಗೆ ಬೆಳೆದಿತ್ತು. ಬೆಳ್ಳುಳ್ಳಿಯ ಹೂದಂಟುಗಳು ಸುರುಳಿ ಸುತ್ತಿದ್ದವು, ಹನ್ನೊಂದು ಜಾಗ ಬಿಟ್ಟು.

ಗೇಟು ಕಿರ್ರೆಂದಿತು. ಲೊಂಗಿನ್ ತಳ್ಳುಗಾಡಿಯ ತುಂಬ ಕೊಳೆತು ಹದವಾದ ಗೊಬ್ಬರ ತಂದಿದ್ದ.

"ಚಿಕ್ಕಮ್ಮಾ, ಮಣ್ಣಿಗೆ ಬದಲು..." ಎಂದ, ಅರ್ಧ ಮಾತಿನಲ್ಲಿ.

"ನಿಲ್ಸಿ!" ಝೆನೋಬಿಯಾ ಎದ್ದು ನಿಂತರು. "ಈ ತೋಟದ ವರದಿ ನನ್ನ ಹತ್ರ ಹನ್ನೊಂದು ಪ್ರತಿ ಇದೆ. ಸಾರಜನಕ ಅತಿ ಹೆಚ್ಚು. ಪಕ್ಕದಲ್ಲೇ ಹೊಳೆ. ಒಂದು ಸಲಿಕೆಯೂ ಹಾಕೋ ಹಾಗಿಲ್ಲ."

ಅಪೊಲೋನಿಯಾ ಊರುಗೋಲಿನ ಮೇಲೆ ಗಲ್ಲವಿಟ್ಟು ನಕ್ಕಳು. "ಕೇಳಿಸ್ತೇನೋ ಲೊಂಗಿನ್? ತಗೊಂಡು ಹೋಗು. ನಿನ್ನ ಮರಳಿಗೇ ಹಾಕು."

ಅವನು ಗಾಡಿ ತಿರುಗಿಸಿದ. ಝೆನೋಬಿಯಾ ಆಗಲೇ ಬಗ್ಗಿ, ಒರೆಸಿ ಜೋಡಿಸಿಟ್ಟಿದ್ದ ಬೂಟುಗಳನ್ನು ಮತ್ತೆ ಕಾಲಿಗೇರಿಸುತ್ತಿದ್ದರು, ಎಡಗಾಲಿನದು ಮೊದಲು.

"ನಡೀರಿ," ಎಂದರು. "ಎಲ್ಲಿ ಹಾಕ್ತೀರೋ ನೋಡ್ಕೊಂಡು ಬರ್ತೀನಿ."