ಉಕ್ಕಿನದು ಬ್ರೇಸ್‌ಲೆಟ್, ಚರ್ಮದ್ದು ಸ್ಟ್ರಾಪ್

ನನ್ನ ಗಂಡನ ಸಿಟ್ಟು ನೋಡಬೇಕಿದ್ದರೆ ವಾಚಿನ ಅಂಗಡಿಗೆ ಕರೆದೊಯ್ಯಬೇಕಿತ್ತು. ವಿಜಯವಾಡದ ಅಂಗಡಿಗಳಲ್ಲಿ ಚರ್ಮದ್ದಕ್ಕೆ ಬೆಲ್ಟ್ ಎನ್ನುತ್ತಾರೆ, ಲೋಹದ್ದಕ್ಕೆ ಚೈನ್. ಬೆಲ್ಟ್ ಸೊಂಟಕ್ಕೆ, ಚೈನ್ ಕೊರಳಿಗೆ ಎಂದು ಇವರು ತಮ್ಮ ಹರಕು ತೆಲುಗಿನಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಚರ್ಮದ್ದು ಸ್ಟ್ರಾಪ್, ಕೊಂಡಿ ಜೋಡಿಸಿದ ಉಕ್ಕಿನದು ಬ್ರೇಸ್‌ಲೆಟ್. ಬ್ಯಾಂಡ್ ಎಂದರೆ ಎರಡೂ ಆಗಬಹುದು, ಅದು ಸೋಮಾರಿಗಳ ಮಾತು. ಬ್ಯಾಂಕಿನಲ್ಲಿ ಇನ್ನೊಬ್ಬರ ಇಂಗ್ಲಿಷ್ ತಿದ್ದಿ ತಿದ್ದಿ ಅಂಟಿದ ಚಟ. ಬ್ರೇಸ್‌ಲೆಟ್ ಹುಡುಗಿಯರು ಹಾಕುವುದಲ್ಲವೇ ಎಂದು ನಾನು ಕಾಡಿಸುತ್ತಿದ್ದೆ.

ಆ ವಾಚು ವಿಶಾಖಪಟ್ಟಣದ ಶಾಖೆಯವರು ಬೀಳ್ಕೊಡುಗೆಯಲ್ಲಿ ಕೊಟ್ಟದ್ದು. ಅಲ್ಲಿನ ಪೆಂಡುರ್ತಿ ಬಡಾವಣೆಯ ಮನೆ ಖಾಲಿ ಮಾಡಿದ ದಿನ ಅದು ಇವರ ಮಣಿಕಟ್ಟಿಗೆ ಬಿಗಿಯಾಗಿತ್ತು. ವಿಜಯವಾಡಕ್ಕೆ ವರ್ಗವಾಗಿ ಬಂದ ಮೇಲೆ ಕಾಯಿಲೆ ಬಿದ್ದರು, ವಾಚು ಮೊಣಕೈಯತ್ತ ಜಾರತೊಡಗಿತು. ಬ್ರೇಸ್‌ಲೆಟ್ ಹಿಗ್ಗಿದೆ ಎಂದರು. ಉಕ್ಕು ಹಿಗ್ಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೊಂಡಿ ತೆಗೆಸಿದೆವು, ಮತ್ತೆ ತೆಗೆಸಿದೆವು. ಮೈ ತುಂಬಿಕೊಂಡಾಗ ಬೇಕಾಗುತ್ತದೆಂದು ಅವನ್ನೆಲ್ಲ ಇಂದ್ರಕೀಲಾದ್ರಿ ಬೆಟ್ಟದ ದೇವಿ ಗುಡಿಯಿಂದ ತಂದ ಕುಂಕುಮದ ಖಾಲಿ ಡಬ್ಬಿಯಲ್ಲಿ ಹಾಕಿಟ್ಟೆ.

ಡಾಕ್ಟರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಹಾಗಾಗಿ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡಿದ್ದೆ. ಬೆಳಿಗ್ಗೆ ಚಹಾ ಕೊಡುವಾಗ ಬೇಕೆಂದೇ, ಚೈನು ಸಡಿಲಾಯಿತೇ ಎಂದು ಕೇಳುವುದು. ಬ್ರೇಸ್‌ಲೆಟ್ ಎಂದು ಮುಖ ಸಿಂಡರಿಸಿದರೆ ಆ ದಿನವೆಲ್ಲ ನನಗೆ ಧೈರ್ಯ. ಮಗಳಿಗೂ ಇದನ್ನು ಹೇಳಿಕೊಟ್ಟಿದ್ದೆ. ಅವಳು ಅರ್ಧ ತೆಲುಗಿನಲ್ಲಿ ಏನೋ ತಪ್ಪು ಹೇಳಿ, ಬೈಸಿಕೊಂಡು, ನಗುತ್ತ ಅಡುಗೆಮನೆಗೆ ಬರುತ್ತಿದ್ದಳು. ಅವಳು ನಗುತ್ತ ಬಂದರೆ ನನಗೂ ಅನ್ನ ಸೇರುತ್ತಿತ್ತು.

ಕೊನೆಗೆ ಉಕ್ಕಿನ ಭಾರವೇ ಕೈಗೆ ಹೆಚ್ಚಾಯಿತು. ಚರ್ಮದ್ದು ಹಾಕಿಸಲು ಇಬ್ಬರೂ ಆಟೋದಲ್ಲಿ ಹೋದೆವು. ಯಾವ ಬೆಲ್ಟ್ ಹಾಕಲಿ ಸಾರ್ ಎಂದು ಅಂಗಡಿಯವನು ಕೇಳಿದ. ನಾನು ಕಾದೆ. ಇವರು ಸ್ಟೂಲಿನ ಮೇಲೆ ಕೂತು ಸುಮ್ಮನೆ ಕೈ ಚಾಚಿದರು. ತಡೆಯಲಾರದೆ ನಾನೇ ಅಂದೆ:

"ಬೆಲ್ಟ್ ಅಂತಾನ್ರೀ ಅಂವ. ನೀವೇನೂ ಅನ್ನೂದಿಲ್ಲೇನು?"

"ಅನ್ಲಿ ಬಿಡು. ಲಗೂನ ಮನೀಗೆ ಹೋಗೂಣು."

ಅಂಗಡಿಯವನು ಬ್ರೇಸ್‌ಲೆಟ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಮನೆಗೆ ಬಂದವಳೇ ಡಬ್ಬಿಯಲ್ಲಿದ್ದ ಕೊಂಡಿಗಳನ್ನೂ ಅದೇ ಕಾಗದಕ್ಕೆ ಸುರಿದು ಕಟ್ಟಿ, ಕಪಾಟಿನ ಹಿಂದಕ್ಕೆ ತಳ್ಳಿದೆ.

ಮರುದಿನ ಚಹಾ ಕೊಡುವಾಗ ಏನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು.