ಹಳೆಯ ರೌಟರ್ ತೆಗೆಸಿದ ಸಂಜೆ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಮೂವತ್ತನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ದೀಪ ಕೆಂಪಾದರೆ ಅದಕ್ಕೊಂದು ಕಾರಣವಿರುತ್ತದೆ, ಹಸಿರಾದರೆ ಅದಕ್ಕೂ ಒಂದು ಕಾರಣವಿರುತ್ತದೆ. ತಂತಿ ತುಂಡಾಗಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಹಳಿಯ ಪಕ್ಕದಲ್ಲಿ ಏನೋ ಕಂಡೆ ಎಂದು ಬೆವರುತ್ತಾ ಬಂದ ಗ್ಯಾಂಗ್‌ಮನ್‌ಗಳನ್ನು ಎಷ್ಟು ಸಲ ಗೇಲಿ ಮಾಡಿದ್ದೇನೋ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ, ಅದು ನನಗೆ ಸಲ್ಲಬೇಕಾದದ್ದೇ.

ನಾವು ತುಮಕೂರು ಕಡೆಯವರು. ಕೆಲಸದ ದೆಸೆಯಿಂದ ಚೆನ್ನೈಗೆ ಬಂದು, ನಿವೃತ್ತಿಯಾದ ಮೇಲೂ ಅಣ್ಣಾ ನಗರದ ಫ್ಲಾಟಿನಲ್ಲೇ ಉಳಿದುಬಿಟ್ಟೆವು. ಮಗಳು ನಿವೇದಿತಾ ಮದುವೆಯಾಗಿ ತಾಂಬರಂನಲ್ಲಿದ್ದಾಳೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಲಲಿತಾ, ಇಬ್ಬರೇ. ಸುತ್ತ ನಾಲ್ಕು ಕಡೆಯೂ ದೊಡ್ಡ ಕಟ್ಟಡಗಳೆದ್ದು, ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಎನ್ನುವುದು ಪೂರ್ತಿ ಸತ್ತುಹೋಗಿತ್ತು. ಯಾರಿಗಾದರೂ ಫೋನ್ ಮಾಡಬೇಕಾದರೆ ವೈಫೈ ಮೂಲಕವೇ ಹೋಗಬೇಕು. ಆ ವೈಫೈ ಕೊಡುತ್ತಿದ್ದದ್ದು ಎಂಟು ವರ್ಷದ ಹಳೆಯ ರೌಟರ್. ಕೊಂಡಾಗ ಬೆಳ್ಳಗಿದ್ದದ್ದು ಎಲೆ ಅಡಿಕೆ ಹಾಕುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ನೆಟ್ ಇದ್ದರೆ ಹಸಿರು ದೀಪ, ಹೋದರೆ ಕೆಂಪು. ದಿನಕ್ಕೆ ಮೂರು ಸಲವಾದರೂ ಕೆಂಪಾಗುತ್ತಿತ್ತು.

"ರೀ, ಈ ಡಬ್ಬಾನ ತೆಗ್ದು ಹೊಸದು ಹಾಕ್ಸಿ ಅಂತ ಎಷ್ಟು ಸಲ ಹೇಳ್ಲಿ? ಅಕ್ಕನ ಹತ್ರ ಅರ್ಧ ಮಾತಾಡೋಷ್ಟೊತ್ತಿಗೆ ಪ್ರಾಣ ಬಿಡುತ್ತೆ" ಎಂದು ಲಲಿತಾ ಗೊಣಗುತ್ತಿದ್ದಳು.

ನಾನು ತೆಗೆಸಲಿಲ್ಲ. ಜಿಪುಣತನವಲ್ಲ, ಅದು ನಮ್ಮ ಇಲಾಖೆಯ ಬುದ್ಧಿ. ರಿಪೇರಿಗೆ ಬಗ್ಗುವ ಉಪಕರಣವನ್ನು ಕಂಡೆಮ್ ಮಾಡಿ ಎಸೆಯುವುದು ನಮ್ಮಲ್ಲಿ ಮರ್ಯಾದೆಗೇಡಿನ ಕೆಲಸ. ನಮ್ಮ ಹಳೆಯ ಮೇಸ್ತ್ರಿಯೊಬ್ಬರು ಹೇಳಿಕೊಟ್ಟ ಕ್ರಮವೊಂದಿತ್ತು. ಉಪಕರಣ ಮೊಂಡು ಹಿಡಿದರೆ ಸ್ವಿಚ್ ತೆಗಿ, ನೂರರವರೆಗೆ ಎಣಿಸು, ಆಮೇಲೆ ಹಾಕು. ಅವಸರಪಟ್ಟು ನಲವತ್ತಕ್ಕೇ ಹಾಕಿದರೆ ಇನ್ನಷ್ಟು ಕೆಡುತ್ತದೆ. ಅದನ್ನೇ ಲಲಿತಾಗೂ ಕಲಿಸಿದ್ದೆ. "ಇದೇನು ಮನೇನೋ ಇಲ್ಲ ಅರಕ್ಕೋಣಂ ಜಂಕ್ಷನ್ನೋ?" ಎಂದು ಅವಳು ನಗುತ್ತಿದ್ದಳು.

ಅವಳು ತೀರಿಕೊಂಡ ದಿನ ನಾನು ಕೋಯಂಬೇಡಿನಲ್ಲಿದ್ದೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ತರಕಾರಿ ತರುವುದು ನನ್ನ ಅಭ್ಯಾಸ. ಬದನೆಕಾಯಿ ಅಂಗಡಿಯವನ ಹತ್ತಿರ ಚೌಕಾಸಿ ಮಾಡುತ್ತಾ, ಇನ್ನೊಂದು ಕಡೆ ಕಾಫಿ ಕುಡಿಯುತ್ತಾ ಆರಾಮವಾಗಿ ಕಾಲ ಕಳೆದೆ. ಹನ್ನೆರಡೂವರೆಗೆ ಚೀಲ ಹಿಡಿದು ಬಂದರೆ ನಮ್ಮ ಮನೆಯ ಬಾಗಿಲಲ್ಲಿ ಜನ. ಕುಕ್ಕರ್ ಒಂದೇ ಸಮನೆ ಕೂಗುತ್ತಿದೆಯಲ್ಲ ಎಂದು ಎದುರು ಮನೆಯ ಮಾಮಿ ಬಂದು ನೋಡಿದ್ದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಲಲಿತಾ ಹಾಲಿನಲ್ಲಿ ರೌಟರಿನ ಪಕ್ಕದ ಕುರ್ಚಿಯಲ್ಲಿ ಒರಗಿ ಕೂತಿದ್ದಳು. ಫೋನು ತೊಡೆಯ ಮೇಲಿತ್ತು.

ಹೃದಯಾಘಾತ ಎಂದರು ಡಾಕ್ಟರು. ಕ್ಷಣಮಾತ್ರದ ಕೆಲಸ, ಅವರಿಗೇ ಗೊತ್ತಾಗಿರುವುದಿಲ್ಲ ಎಂದರು. "ಕಷ್ಟಪಡಾಮ ಪೋಯ್ಟಾ ಮಾಮಾ, ಪುಣ್ಯವತಿ" ಎಂದು, ನರಳದೆ ಹೋದಳೆಂದು ಮಾಮಿಯೂ ಕಣ್ಣೊರೆಸಿಕೊಂಡರು. ಮಗಳು ನನ್ನ ಫೋನ್ ತೆಗೆದು ನೋಡಿದಳು. ಅಮ್ಮನಿಂದ ಒಂದು ಕರೆಯೂ ಬಂದಿರಲಿಲ್ಲ. ನೋವಾಗಿದ್ದರೆ ಅಪ್ಪನಿಗೆ ಫೋನ್ ಮಾಡದೆ ಇರುತ್ತಿದ್ದಳೇ? ಅದೇ ಎಲ್ಲರಿಗೂ ಸಮಾಧಾನವಾಯಿತು.

ನಾನೊಬ್ಬ ಮಾತ್ರ ಸಮಾಧಾನಪಡಲಿಲ್ಲ. ಯಾಕೆಂದರೆ ನಾನು ಒಳಗೆ ಬಂದಾಗ ರೌಟರಿನ ದೀಪ ಕೆಂಪಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಅವಳು ನನಗೆ ಕರೆ ಮಾಡಲೇ ಇಲ್ಲವೋ, ಅಥವಾ ಮಾಡಿ ಮಾಡಿ ಸೋತಳೋ? ಹದಿಮೂರು ದಿನದ ಕರ್ಮಾಂತರದಲ್ಲೂ ನನ್ನ ತಲೆಯಲ್ಲಿದ್ದದ್ದು ಇದೊಂದೇ ಪ್ರಶ್ನೆ. ಅವಳ ಫೋನಿನಲ್ಲಿ ನೋಡಿದರೆ ತಿಳಿಯುತ್ತಿತ್ತು. ನೋಡುವ ಧೈರ್ಯ ಬರಲಿಲ್ಲ. ಕೆಂಪಾಗಿದ್ದ ರೌಟರನ್ನು ಹಾಗೇ ಬಿಟ್ಟೆ, ಫೋನನ್ನೂ ಚಾರ್ಜು ಇಳಿದು ತಾನಾಗಿಯೇ ಆರಿಹೋಗುವವರೆಗೆ ಬಿಟ್ಟು, ಅವಳ ಒಂದು ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ನಾನು ಹೇಡಿ ಎಂದು ನೀವು ಅಂದರೆ ಒಪ್ಪಿಕೊಳ್ಳುತ್ತೇನೆ.

ಮೂರು ತಿಂಗಳಾದ ಮೇಲೆ ಆ ರೌಟರ್ ಪೂರ್ತಿ ಸತ್ತಿತು. ಸ್ವಿಚ್ ಹಾಕಿದರೆ ಕೆಂಪು ದೀಪವೂ ಬರಲಿಲ್ಲ. ಮಗಳು ಹಟ ಹಿಡಿದು, ಹೊಸದಕ್ಕೆ ತಾನೇ ಹೇಳಿ, ಒಂದು ಸಂಜೆ ಸೆಲ್ವಂ ಎಂಬವರನ್ನು ಕಳುಹಿಸಿದಳು. ಐವತ್ತು ದಾಟಿದ, ತಲೆಯೆಲ್ಲ ನರೆತ, ಕೆಲಸದಲ್ಲಿ ನಿಧಾನಸ್ಥ ಮನುಷ್ಯ. ಹಳೆಯದನ್ನು ಗೋಡೆಯಿಂದ ಬಿಚ್ಚಿ ಹೊಸದನ್ನು ಕೂರಿಸಿದರು.

"ಸಾರ್, ಪಳೆಯ ಪೇರು, ಪಾಸ್‌ವರ್ಡು ಅಪ್ಡಿಯೇ ವೆಚ್ಚುಡಲಾಮಾ?" ಎಂದು ಕೇಳಿದರು. ಹಳೆಯ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೇ ಇಟ್ಟರೆ ಮನೆಯಲ್ಲಿರುವ ಫೋನುಗಳೆಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ, ಎಲ್ಲರೂ ಹಾಗೇ ಮಾಡಿಸುತ್ತಾರೆ ಎಂದರು.

ಬೇಡ ಎಂದೆ. ಹಳೆಯದು ಲಲಿತಾ ಇಟ್ಟಿದ್ದು, ಅವಳ ತವರೂರಿನ ಹೆಸರು. ಇನ್ನೊಮ್ಮೆ ಅದನ್ನು ಒತ್ತಲು ನನ್ನ ಬೆರಳಿಗೆ ಆಗುವಂತಿರಲಿಲ್ಲ. ಪಾಸ್‌ವರ್ಡ್ ತಮಗೆ ಕಾಣದಿರಲೆಂದು ಸೆಲ್ವಂ ಆ ಕಡೆ ತಿರುಗಿದರು, ನಾನೇ ಹೊಸ ಹೆಸರು ಕೊಟ್ಟು, ಕೆಲಸಕ್ಕೆ ಸೇರಿದಾಗ ಸಿಕ್ಕ ನನ್ನ ಸ್ಟಾಫ್ ನಂಬರನ್ನು ಪಾಸ್‌ವರ್ಡ್ ಮಾಡಿದೆ. ಅದು ಮಗಳಿಗೂ ಗೊತ್ತಿರಲಿಲ್ಲ. ನನ್ನ ಫೋನನ್ನು ಸೇರಿಸಿದೆ. ಹಸಿರು ದೀಪ ಬಂತು.

ಎಲ್ಲ ಸರಿಯಾಗಿದೆಯೇ ಎಂದು ನೋಡಲು ಸೆಲ್ವಂ ನನ್ನ ಫೋನಿನಲ್ಲೇ ರೌಟರಿನ ಪುಟ ತೆರೆದರು. ಯಾವ ಯಾವ ಉಪಕರಣ ಸೇರಿದೆ ಎಂದು ಅದರಲ್ಲಿ ಪಟ್ಟಿ ಬರುತ್ತದೆ. ಅವರು ಅದನ್ನು ಓದಿ, ತಲೆಯೆತ್ತಿ ಒಳಕೋಣೆಯ ಕಡೆ ನೋಡಿದರು.

"ಅಮ್ಮಾ ಉಳ್ಳೆ ಇರುಕ್ಕಾಂಗಳಾ ಸಾರ್?"

ಅಮ್ಮ ಒಳಗಿದ್ದಾರಾ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. ಪಟ್ಟಿಯಲ್ಲಿ ಎರಡು ಹೆಸರಿದ್ದವು. ಮೊದಲನೆಯದು ನನ್ನದು. ಎರಡನೆಯದು 'ಲಲಿತಾ ಫೋನ್'.

ನಾನು ಬೀರುವಿನ ಹತ್ತಿರ ಹೋದೆ. ಓಡಿದೆ ಎನ್ನಲೂ ಬಹುದು. ಸೀರೆ ಬಿಚ್ಚಿದರೆ ಫೋನು ಹಾಗೇ ಇತ್ತು. ತಣ್ಣಗಿತ್ತು. ಬ್ಯಾಟರಿ ಉಬ್ಬಿಕೊಂಡು ಹಿಂದಿನ ಮುಚ್ಚಳ ಎದ್ದುಬಂದಿತ್ತು. ಬಟನ್ ಒತ್ತಿ ಹಿಡಿದೆ, ಪರದೆ ಕಪ್ಪಾಗಿಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಹಾಲಿಗೆ ಬರುವಷ್ಟರಲ್ಲಿ, ಸೆಲ್ವಂ ಕೈಯಲ್ಲಿದ್ದ ನನ್ನ ಫೋನು ಒಮ್ಮೆ ಸದ್ದು ಮಾಡಿತು. ಅವರು ಅದನ್ನು ಟೀಪಾಯಿಯ ಮೇಲಿಟ್ಟರು. ಲಲಿತಾಳಿಂದ ಒಂದು ವಾಯ್ಸ್ ಮೆಸೇಜು ಬಂದಿತ್ತು. ಪಟ್ಟಿಯನ್ನು ಇನ್ನೊಮ್ಮೆ ತೆರೆದಾಗ ಅಲ್ಲಿ ನನ್ನ ಹೆಸರೊಂದೇ ಇತ್ತು.

ಸೆಲ್ವಂ ಗೋಡೆಯ ಮೇಲಿದ್ದ ಹಾರ ಹಾಕಿದ ಫೋಟೋವನ್ನು ಆಗಷ್ಟೇ ನೋಡಿದರೆಂದು ಕಾಣುತ್ತದೆ. ಸಾಮಾನು ಎತ್ತಿಕೊಂಡು, ಕೈಮುಗಿದು ಹೊರಟುಹೋದರು. ಹಳೆಯ ರೌಟರನ್ನು ಒಯ್ಯಲಿಲ್ಲ, ಕೇಳಲೂ ಇಲ್ಲ.

ಒಬ್ಬನೇ ಕೂತು ಮೆಸೇಜು ಕೇಳಿದೆ. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿತ್ತು. ಮೊದಲು ಕುಕ್ಕರಿನ ಸದ್ದು. ಆಮೇಲೆ ಅವಳ ಧ್ವನಿ. "ಅರವತ್ತೆರಡು... ಅರವತ್ತಮೂರು... ಅರವತ್ತನಾಲ್ಕು..." ಎಣಿಸುತ್ತಿದ್ದಾಳೆ. ಎರಡು ಅಂಕಿ ಹೇಳಿ ಉಸಿರೆಳೆದುಕೊಳ್ಳುತ್ತಾಳೆ, ಮತ್ತೆ ಹೇಳುತ್ತಾಳೆ. ಒಂದನ್ನೂ ಬಿಡದೆ ತೊಂಬತ್ತೊಂಬತ್ತರವರೆಗೆ ಹೇಳಿದಳು. "ನೂರಾಯ್ತು... ಸ್ವಿಚ್ ಹಾಕ್ದೆ... ರೀ, ಇನ್ನೂ ಹಸಿರು ಬಂದಿಲ್ಲ... ಇರಿ, ಮತ್ತೊಂದ್ಸಲ ಎಣಿಸ್ತೀನಿ." ಆಮೇಲೆ "ಒಂದು, ಎರಡು, ಮೂರು" ಎನ್ನುವಲ್ಲಿಗೆ ನಿಂತುಹೋಯಿತು.

ನಾನು ಅತ್ತೆ. ಅವಳು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಮಾರನೆಯ ದಿನ ಮಗಳು ಎಲೆಕ್ಟ್ರಿಕ್ ಟ್ರೇನ್ ಹಿಡಿದು ಬಂದಳು. ಕೇಳಿಸಿದೆ. ಅವಳ ಮುಖ ಬಿಳಿಚಿಕೊಂಡಿತು. "ಇದು ಹಳೇದು ಪ್ಪಾ. ಎಪ್ಪವೋ ಅಮ್ಮ ನಿಮ್ಮನ್ನ ಕಿಂಡಲ್ ಮಾಡೋಕೆ ರೆಕಾರ್ಡ್ ಮಾಡಿದ್ದಾಳೆ, ಸರ್ವರ್‌ನಲ್ಲಿ ಸ್ಟಕ್ ಆಗಿತ್ತು. ಅವ್ಳೊದಾನ್, ಅಷ್ಟೇ" ಎಂದಳು. ಕುಕ್ಕರ್ ಕೂಗಿದ್ದು ಕೇಳಲಿಲ್ಲವೇ ಎಂದೆ. "ಕುಕ್ಕರ್ ದಿನಾ ಕೂಗತ್ತೆ ಪ್ಪಾ" ಎಂದು ಹೇಳಿ ಅಡಿಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದಳು. ಆಮೇಲೆ ಇಂದಿನವರೆಗೂ ಅವಳು ಆ ಮಾತೆತ್ತಿಲ್ಲ.

ಲಲಿತಾಳ ಫೋನನ್ನು ಅಂದೇ ರಿಪೇರಿ ಅಂಗಡಿಗೆ ಕೊಂಡುಹೋದೆ. ಬಿಚ್ಚಿ ನೋಡಿದವನು, ಇದು ಪೂರ್ತಿ ಹೋಗಿದೆ, ಏನು ಮಾಡಿದರೂ ಏಳುವುದಿಲ್ಲ ಎಂದ. ನಿನ್ನೆ ಸಂಜೆ ಒಂದು ನಿಮಿಷವಾದರೂ ನಡೆದಿರಬಹುದೇ ಎಂದು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗ್ಯಾಂಗ್‌ಮನ್‌ಗಳನ್ನು ನಾನು ನೋಡುತ್ತಿದ್ದದ್ದು ಹಾಗೆಯೇ.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಕಾರಣ ಹುಡುಕದ ದಿನವಿಲ್ಲ. ಸರ್ವರ್ ಎನ್ನುತ್ತೀರಾ, ಅವಳ ಫೋನಿನಿಂದ ಹೊರಟೇ ಇಲ್ಲದ ಮೆಸೇಜು ಸರ್ವರಿಗೆ ಹೇಗೆ ಹೋದೀತು? ಭ್ರಮೆ ಎನ್ನುತ್ತೀರಾ, ಪಟ್ಟಿಯನ್ನು ಮೊದಲು ಓದಿದವರು ಸೆಲ್ವಂ. ಸಿಗ್ನಲ್ ವಿಭಾಗದವನ ಬುದ್ಧಿ ಇಲ್ಲಿ ಸೋತಿದೆ ಎಂದು ನಾಚಿಕೆಯಿಲ್ಲದೆ ಬರೆಯುತ್ತೇನೆ.

ಆದರೆ ನಿಜ ಹೇಳಿಬಿಡುತ್ತೇನೆ, ನಿದ್ದೆ ಕೆಡಿಸುವುದು ಅದಲ್ಲ. ಮಾಮಿಯ ಮನೆ ಎಂಟು ಹೆಜ್ಜೆ ದೂರ, ಬಾಗಿಲು ತೆರೆದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸಕ್ಕರೆ ಕಡಿಮೆ ಹಾಕು ಎಂದರೆ ಒಂದು ಚಮಚ ಹೆಚ್ಚು ಹಾಕುತ್ತಿದ್ದವಳು ಅವಳು. ಬೇಡ ಎಂದ ಸೀರೆಯನ್ನೇ ಉಟ್ಟು ಹೊರಡುತ್ತಿದ್ದವಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಂದು ಮಾತನ್ನೂ ಕೇಳಿದವಳಲ್ಲ. ಅವತ್ತು ಯಾಕೆ ಕೇಳಿದಳು?